ಬೆಳಕು ಹೊರಡುವ ಮೊದಲು ಕೀಲು ಮಾತಾಡಬೇಕು

(ನಮ್ಮ ತಾಲ್ಲೂಕಿನ ವಿಜ್ಞಾನಾಸಕ್ತರ ಬಳಗದಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಅದಕ್ಕೇ ಕೆಲವು ಕಡೆ ಮಾತು ಹೆಚ್ಚಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವುದನ್ನು ನೀವೆಲ್ಲ ನೋಡಿದ್ದೀರಿ. ರೆಗ್ಯುಲೇಟರ್ ಒತ್ತಿದರೆ ‘ಟಕ್’ ಅಂತ ಶಬ್ದ ಬರುತ್ತದೆ. ಕೂತಿತು ಅಂತ ಅರ್ಥ. ನಮ್ಮಮ್ಮ ಮಾತ್ರ ಆ ಶಬ್ದವನ್ನು ನಂಬುತ್ತಿರಲಿಲ್ಲ. ಸೋಪಿನ ನೊರೆ ತಂದು ಸುತ್ತ ಹಚ್ಚುತ್ತಿದ್ದರು. ಗುಳ್ಳೆ ಏಳುತ್ತದಾ ಅಂತ ಒಂದು ನಿಮಿಷ ನೋಡುತ್ತಿದ್ದರು. ಆಮೇಲೇ ಒಲೆ ಹಚ್ಚುತ್ತಿದ್ದುದು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ‘ಟಕ್’ ಮತ್ತು ಆ ನೊರೆಯ ನಡುವಿನ ವ್ಯತ್ಯಾಸ. ಆದರೆ ಅದನ್ನು ಅಡುಗೆಮನೆಯಿಂದ ತೆಗೆದು ಆಸ್ಪತ್ರೆಯ ಕ್ಯಾಥ್ ಲ್ಯಾಬ್‌ಗೆ, ಅಂದರೆ ರಕ್ತನಾಳಕ್ಕೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಗೆ ಒಯ್ಯುತ್ತೇನೆ. ಅಲ್ಲಿ ಕೊಳವೆಯಲ್ಲಿ ಹರಿಯುವುದು ಗ್ಯಾಸ್ ಅಲ್ಲ, ಲೇಸರ್ ಬೆಳಕು. ಅದು ಹೋಗಿ ತಲುಪುವುದು ಮನುಷ್ಯನ ರಕ್ತನಾಳದ ಒಳಗೆ.

ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್. ರೋಗಿಯ ಮುಖ ನಾನು ನೋಡುವುದು ಕಡಿಮೆ. ಯಂತ್ರದ ಬೆನ್ನು, ವೈರು, ಪ್ಲಗ್ಗು, ಇವೇ ಜಾಸ್ತಿ. ಹಾಗಾಗಿ ಪ್ಲಗ್ಗಿನ ಬಗ್ಗೆ, ಅಂದರೆ ಲೇಸರ್ ಕ್ಯಾಥೆಟರನ್ನು ಯಂತ್ರಕ್ಕೆ ಸೇರಿಸುವ ಕನೆಕ್ಟರಿನ ಬಗ್ಗೆ ಮಾತಾಡಲು ನನಗೆ ಸ್ವಲ್ಪ ಹಕ್ಕಿದೆ ಅಂತ ನಂಬಿದ್ದೇನೆ.

ಮೊದಲು ಕ್ಯಾಥೆಟರ್ ಅಂದರೇನು ಅಂತ ಹೇಳಿಬಿಡುತ್ತೇನೆ. ದೇಹದೊಳಗೆ ತೂರಿಸುವ ಸಪೂರ ಕೊಳವೆ. ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡವರು ನಿಮ್ಮಲ್ಲೇ ಇರಬಹುದು. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಒಂದು ಸಣ್ಣ ತಂತಿ ಹೋಗುತ್ತದೆ. ಅದರ ಮೇಲೆ ಬಲೂನು ಜಾರಿಸಿ ಬ್ಲಾಕ್ ಇರುವ ಜಾಗವನ್ನು ಹಿಗ್ಗಿಸುತ್ತಾರೆ, ಸ್ಟೆಂಟ್ ಕೂರಿಸುತ್ತಾರೆ. ಬಹಳಷ್ಟು ಜನರಿಗೆ ಇಷ್ಟೇ ಸಾಕು. ಆದರೆ ಕೆಲವು ಬ್ಲಾಕ್‌ಗಳು ಬಲೂನಿಗೂ ಬಗ್ಗುವುದಿಲ್ಲ. ಕೆಲವರಿಗೆ ಮೊದಲು ಹಾಕಿದ ಸ್ಟೆಂಟ್ ಒಳಗೇ ಮತ್ತೆ ಕಟ್ಟಿಕೊಂಡಿರುತ್ತದೆ. ಇನ್ನು ಕೆಲವರಿಗೆ ಹತ್ತು ಹದಿನೈದು ವರ್ಷದ ಹಿಂದೆ ಹಾಕಿದ ಪೇಸ್‌ಮೇಕರ್‌ನ ವೈರು ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತದೆ. ಸೋಂಕಾದರೆ ಅದನ್ನು ಬಿಡಿಸಿ ತೆಗೆಯಲೇಬೇಕು. ಇಂಥ ಕಡೆ ಲೇಸರ್ ಕ್ಯಾಥೆಟರ್ ಬರುತ್ತದೆ.

ಈ ಕೆಲಸಕ್ಕೆ ಬಹುಕಾಲದಿಂದ ಬಳಸುತ್ತಿರುವುದು ಎಕ್ಸೈಮರ್ ಲೇಸರ್. ಕ್ಸೆನಾನ್ ಮತ್ತು ಕ್ಲೋರಿನ್ ಸೇರಿ ಹುಟ್ಟುವ 308 ನ್ಯಾನೊಮೀಟರ್ ಅಲೆಯುದ್ದದ ಬೆಳಕು. ಅದು ಅತಿನೇರಳೆ, ಕಣ್ಣಿಗೆ ಕಾಣದು. ಇದರ ಗುಣವೇನೆಂದರೆ ಅದು ಅಂಗಾಂಶದೊಳಗೆ ಆಳಕ್ಕೆ ಹೋಗುವುದಿಲ್ಲ. ಸುಮಾರು 50 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅಷ್ಟರಲ್ಲೇ ಎಲ್ಲ ಶಕ್ತಿಯನ್ನೂ ಕೊಟ್ಟುಬಿಡುತ್ತದೆ. ಈ ಬೆಳಕು ಒಂದೇ ಸಮನೆ ಬರುವುದಿಲ್ಲ, ಬಿಟ್ಟು ಬಿಟ್ಟು ಮಿಡಿಯುತ್ತದೆ. ಬೆಳಕಿನ ಒಂದೊಂದು ಮಿಡಿತಕ್ಕೂ ಸುಮಾರು 10 ಮೈಕ್ರಾನ್ ಪದರ ಹೋಗುತ್ತದೆ. ಬಡಗಿ ಮರವನ್ನು ತೋಪಡಾ ಹಿಡಿದು ಎಳೆ ಎಳೆಯಾಗಿ ಹೆರೆದ ಹಾಗೆ.

ಇದರ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಕತೆ ಇದೆ. ಅಮೆರಿಕದಲ್ಲಿ ಐಬಿಎಂ ಕಂಪನಿಯ ಯಾರ್ಕ್‌ಟೌನ್ ಹೈಟ್ಸ್ ಸಂಶೋಧನಾ ಕೇಂದ್ರ. ಅಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್, ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಎಂಬ ಮೂವರು ಕೆಲಸ ಮಾಡುತ್ತಿದ್ದರು. ಅವರು ಎಕ್ಸೈಮರ್ ಲೇಸರ್ ಬಳಸುತ್ತಿದ್ದುದು ಪ್ಲಾಸ್ಟಿಕ್ಕಿನ ಮೇಲೆ. 1981ರ ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು. ಮನೆಯಲ್ಲಿ ಟರ್ಕಿ ಕೋಳಿಯ ಅಡುಗೆ. ಮಾರನೇ ದಿನ ಶ್ರೀನಿವಾಸನ್ ಉಳಿದ ತುಂಡನ್ನು ಲ್ಯಾಬಿಗೆ ತಂದರು. ಅದರ ಮೇಲೆ ಲೇಸರ್ ಬಿಟ್ಟು ನೋಡಿದರು. ಚೂರೂ ಸೀದಿರಲಿಲ್ಲ. ಚೂಪಾಗಿ ಕೊರೆದಿತ್ತು. ಪಕ್ಕದ ಅಂಗಾಂಶ ಹಾಗೇ ಇತ್ತು. ಮುಂದೆ ಕಣ್ಣಿನ ಲೇಸಿಕ್ ಆಪರೇಷನ್‌ಗೆ ದಾರಿಯಾದದ್ದು ಇದೇ ಪ್ರಯೋಗ.

ಎಕ್ಸೈಮರ್ ಬರುವ ಮೊದಲು ರಕ್ತನಾಳದಲ್ಲಿ ಬೇರೆ ಬೇರೆ ಲೇಸರ್‌ಗಳನ್ನು ಬಿಟ್ಟು ನೋಡಿದ್ದರು. ನಿರಂತರವಾಗಿ ಉರಿಯುವ ಲೇಸರ್‌ಗಳು. ಅವು ಸುಟ್ಟುಬಿಡುತ್ತಿದ್ದವು. ನಾಳಕ್ಕೆ ತೂತು ಬೀಳುತ್ತಿತ್ತು. ಸುಡದೆ ಹೆರೆಯುವ ಬೆಳಕು ಸಿಕ್ಕಿತು ಅಂದಾಗ ಹೃದಯದ ಡಾಕ್ಟರುಗಳಿಗೆ ಎಷ್ಟು ಆಸೆ ಹುಟ್ಟಿರಬೇಕು, ಯೋಚನೆ ಮಾಡಿ.

ಆದರೆ ಒಂದು ತೊಡಕಿತ್ತು. ಐಬಿಎಂನವರು ಬಳಸಿದ್ದು 193 ನ್ಯಾನೊಮೀಟರ್ ಬೆಳಕು. ಕ್ಯಾಥೆಟರ್ ಒಳಗೆ ಬೆಳಕನ್ನು ಒಯ್ಯುವ ಗಾಜಿನ ಎಳೆಯಲ್ಲಿ, ಅಂದರೆ ಫೈಬರಿನಲ್ಲಿ, ಅದು ಸರಿಯಾಗಿ ಸಾಗುವುದಿಲ್ಲ. ಕಣ್ಣಿಗಾದರೆ ಹೊರಗಿನಿಂದಲೇ ಬಿಡಬಹುದು. ಹೃದಯದ ರಕ್ತನಾಳಕ್ಕೆ ಎಳೆಯ ಮೂಲಕವೇ ಹೋಗಬೇಕು. 308 ಸಾಗುತ್ತದೆ. ಸಾಗಿದರೂ ಇನ್ನೊಂದು ತೊಡಕು. ಮಿಡಿತ ತುಂಬಾ ಚಿಕ್ಕದಾದರೆ ಶಕ್ತಿಯೆಲ್ಲ ಒಂದೇ ಕ್ಷಣಕ್ಕೆ ನುಗ್ಗಿ ಎಳೆಯ ಬಾಯಿಯೇ ಒಡೆಯುತ್ತದೆ. ಹಾಗಾಗಿ ಮಿಡಿತವನ್ನು ಉದ್ದ ಮಾಡಬೇಕಾಯಿತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ವಾತಾವರಣದ ಓಝೋನ್ ಅಳೆಯಲು ಎಕ್ಸೈಮರ್ ಲೇಸರ್‌ನ ಮೇಲೆ ಕೆಲಸ ನಡೆದಿತ್ತು. ಆ ತಿಳಿವಳಿಕೆ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಡಾಕ್ಟರುಗಳ ಕೈಗೆ ಬಂತು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇಂಥ ಯಂತ್ರಗಳಿಗೆ ಅನುಮತಿ ಸಿಕ್ಕಿತು. ಆಕಾಶದ ಗಾಳಿ ಅಳೆಯಲು ಹೊರಟ ಬೆಳಕು ರಕ್ತನಾಳಕ್ಕೆ ಬಂತು ನೋಡಿ.

ಗಮನಿಸಿದಿರಾ? ಆಗಲೂ ಕಷ್ಟ ಕೊಟ್ಟದ್ದು ಎಳೆಯ ಬಾಯಿ. ಬೆಳಕು ಯಂತ್ರದಿಂದ ಎಳೆಗೆ ದಾಟುವ ಜಾಗ. ಅಂದರೆ ಕೀಲು, ಜಾಯಿಂಟು. ಹೊಲದಲ್ಲಿ ಪೈಪ್ ಎಳೆದವರಿಗೆ ಇದು ಗೊತ್ತು. ಪೈಪು ಸೋರುವುದಿಲ್ಲ, ಜಾಯಿಂಟು ಸೋರುತ್ತದೆ.

ಆ ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಈ ಲೆಕ್ಕ ನನಗೆ ಮೊದಲ ಸಲ ತಿಳಿದಾಗ ರಾತ್ರಿ ನಿದ್ದೆ ಬಂದಿರಲಿಲ್ಲ.

ಹೃದಯಕ್ಕೆ ಬಳಸುವ ಅತಿ ಚಿಕ್ಕ ಲೇಸರ್ ಕ್ಯಾಥೆಟರ್‌ನ ತುದಿ 0.9 ಮಿಲಿಮೀಟರ್ ಅಗಲ. ಅದರೊಳಗೆ 50 ಮೈಕ್ರಾನ್ ದಪ್ಪದ ಸುಮಾರು 65 ಗಾಜಿನ ಎಳೆಗಳು. ಅಷ್ಟೂ ಎಳೆಗಳ ಬಾಯಿ ಸೇರಿಸಿದರೆ ಸುಮಾರು 0.13 ಚದರ ಮಿಲಿಮೀಟರ್. ಚದರ ಮಿಲಿಮೀಟರ್‌ಗೆ 45 ಮಿಲಿಜೂಲ್ ಅಂತ ಇಟ್ಟುಕೊಂಡರೆ ಒಂದು ಮಿಡಿತಕ್ಕೆ ಹೆಚ್ಚುಕಡಿಮೆ 6 ಮಿಲಿಜೂಲ್ ಹೊರಬರುತ್ತದೆ. ಸೆಕೆಂಡಿಗೆ 25 ಮಿಡಿತ. ಸರಾಸರಿ ತೆಗೆದರೆ 0.15 ವ್ಯಾಟ್. ಇಷ್ಟೇನಾ, ಮನೆಯ ಝೀರೋ ಬಲ್ಬಿಗಿಂತಲೂ ಕಡಿಮೆ ಅಲ್ವಾ ಅಂತ ಅನ್ನಿಸುತ್ತದೆ.

ಆದರೆ ಆ ಒಂದು ಮಿಡಿತ ಇರುವುದು ಸುಮಾರು 135 ನ್ಯಾನೊಸೆಕೆಂಡ್ ಮಾತ್ರ. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ, ಅದರಲ್ಲಿ 135 ಚೂರು. 6 ಮಿಲಿಜೂಲನ್ನು ಅದರಿಂದ ಭಾಗಿಸಿದರೆ 40 ಕಿಲೋವ್ಯಾಟ್ ದಾಟುತ್ತದೆ. 5 ಎಚ್‌ಪಿ ಪಂಪ್‌ಸೆಟ್ ಅಂದರೆ 3.7 ಕಿಲೋವ್ಯಾಟ್. ಅಂದರೆ ಆ ಕ್ಷಣದಲ್ಲಿ ಹನ್ನೊಂದು ಹನ್ನೆರಡು ಪಂಪ್‌ಸೆಟ್‌ಗಳ ಬಲ ಒಂದು ಸಣ್ಣ ಜುಟ್ಟಿನಷ್ಟು ಎಳೆಗಳ ಒಳಗೆ ನುಗ್ಗುತ್ತದೆ. ಬಾಯಿಯ ಹತ್ತಿರ ಒಂದು ಧೂಳಿನ ಕಣ ಇದ್ದರೆ? ಗಾಜು ಬೆಳಕನ್ನು ಹಾಗೇ ಬಿಟ್ಟುಕೊಡುತ್ತದೆ. ಧೂಳು ಬಿಡುವುದಿಲ್ಲ, ತಾನೇ ಹೀರುತ್ತದೆ. ಹೀರಿ ಉರಿಯುತ್ತದೆ. ಗಾಜಿಗೆ ಮಸಿ ಹಿಡಿಯುತ್ತದೆ. ಮಸಿ ಮುಂದಿನ ಮಿಡಿತವನ್ನು ಇನ್ನೂ ಜಾಸ್ತಿ ಹೀರುತ್ತದೆ. ಹೀಗೆ ಒಂದರ ಹಿಂದೆ ಒಂದು.

ನನ್ನ ಕಣ್ಣೆದುರೇ ನಡೆದ ಒಂದು ಸಂಗತಿ ಹೇಳುತ್ತೇನೆ. ಅದು ಹೃದಯದ ಆಪರೇಷನ್ ಅಲ್ಲ, ಕಿಡ್ನಿ ಕಲ್ಲಿನದು. ಅಲ್ಲಿ ಬಳಸುವುದು ಹೋಲ್ಮಿಯಂ ಲೇಸರ್. ಬೆಳಕು ಬೇರೆ, ಎಳೆಯೂ ಒಂದೇ ಒಂದು, ಆದರೆ ಕೀಲಿನ ಕಷ್ಟ ಒಂದೇ. ಆಸ್ಪತ್ರೆಯ ಹೆಸರು ಬೇಡ. ನಾನಾಗ ಕೆಲಸಕ್ಕೆ ಹೊಸಬ. ರೋಗಿಗೆ ಅರಿವಳಿಕೆ ಕೊಟ್ಟಾಗಿತ್ತು. ಫೈಬರ್ ಒಳಗೆ ಹೋಗಿತ್ತು. ಡಾಕ್ಟರ್ ಪೆಡಲ್ ಒತ್ತಿದರು. ಕಲ್ಲಿಗೆ ಏನೂ ಆಗಲಿಲ್ಲ.

“ಸರ್, ಕಲ್ಲು ಅಲ್ಲಾಡ್ತಾನೇ ಇಲ್ಲ. ಪವರ್ ಜಾಸ್ತಿ ಮಾಡ್ಲಾ?” ಅಂತ ಟೆಕ್ನೀಷಿಯನ್ ಕೇಳಿದ. ಮಾಡು ಅಂದರು. ಮಾಡಿದ. ಯಂತ್ರದ ಕಡೆಯಿಂದ ಸುಟ್ಟ ವಾಸನೆ ಬಂತು. ನನ್ನನ್ನು ಕರೆದರು. ನಾನು ಓಡಿ ಬಂದು ಕನೆಕ್ಟರ್ ಬಿಚ್ಚಿದೆ. ಬಾಯಿ ಕಪ್ಪಗಾಗಿತ್ತು. ಯಂತ್ರದ ಒಳಗೆ ಲೆನ್ಸ್ ಕಾಯಲು ಇಟ್ಟಿರುವ ಗಾಜಿನ ಬಿಲ್ಲೆಗೂ ಗುಂಡಿ ಬಿದ್ದಿತ್ತು. ಆಮೇಲೆ ತಿಳಿದದ್ದು ಇಷ್ಟು. ಕ್ಯಾಪ್ ಬಿಚ್ಚಿದ ಮೇಲೆ ಕನೆಕ್ಟರ್ ಯಾರದೋ ಒದ್ದೆ ಗ್ಲೌಸಿಗೆ ತಾಗಿತ್ತು. ಒಂದು ಹನಿ ಸಲೈನ್.

ಬಿಲ್ಲೆ ಬದಲಾಯಿಸಲು ನನಗೆ 20 ನಿಮಿಷ ಬೇಕಾಯಿತು. ಆ 20 ನಿಮಿಷ ರೋಗಿ ಸುಮ್ನೆ ಅರಿವಳಿಕೆಯಲ್ಲಿ ಮಲಗಿದ್ದರು. ಅವರಿಗೆ ಏನೂ ಆಗಲಿಲ್ಲ, ಕಲ್ಲೂ ಹೋಯಿತು. ಆದರೆ ಒಂದು ಮಾತು ನನ್ನನ್ನು ಬಿಡಲೇ ಇಲ್ಲ. ಯಂತ್ರದ ಪರದೆಯ ಮೇಲೆ ಅಷ್ಟು ಹೊತ್ತೂ ಹಸಿರು ಅಕ್ಷರದಲ್ಲಿ ‘ಫೈಬರ್ ಜೋಡಣೆಯಾಗಿದೆ, ಸಿದ್ಧ’ ಅಂತಲೇ ಇತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ‘ಟಕ್’ ಅಂದದ್ದು ಅದಕ್ಕೆ ಕೇಳಿಸಿತ್ತು. ಅದಕ್ಕೆ ಕೇಳಿಸುತ್ತಿದ್ದುದೇ ಅಷ್ಟು.

ಈಗ ಜಾಣ ಕನೆಕ್ಟರ್, ಅಂದರೆ ತನ್ನ ಬಗ್ಗೆ ಯಂತ್ರಕ್ಕೆ ತಾನೇ ಹೇಳುವ ಪ್ಲಗ್ಗಿನ ವಿಷಯಕ್ಕೆ ಬರೋಣ. ಹಳೆಯ ಕನೆಕ್ಟರ್‌ನಲ್ಲಿ ಒಂದು ಸ್ವಿಚ್ಚು ಇರುತ್ತಿತ್ತು. ಪ್ಲಗ್ಗು ಒಳಗೆ ಬಂದರೆ ಅದು ಒತ್ತಿಕೊಳ್ಳುತ್ತದೆ. ಏನೋ ಬಂದಿದೆ ಅಂತ ಯಂತ್ರಕ್ಕೆ ಗೊತ್ತಾಗುತ್ತದೆ, ಏನು ಬಂದಿದೆ ಅಂತ ಗೊತ್ತಾಗುವುದಿಲ್ಲ. ಆಮೇಲೆ ಪ್ಲಗ್ಗಿನೊಳಗೆ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ಗೊತ್ತಾದಷ್ಟು ಅಡ್ಡಿ ಮಾಡುವ ಸಣ್ಣ ಬಿಡಿಭಾಗ, ಇಡುವ ಉಪಾಯ ಬಂತು. ಇಷ್ಟು ಓಮ್ ಇದ್ದರೆ ಈ ಅಳತೆಯ ಕ್ಯಾಥೆಟರ್, ಅಷ್ಟು ಇದ್ದರೆ ಆ ಅಳತೆಯದು. ಸರಳ, ಅಗ್ಗ. ಆದರೆ ಹೇಳಬಲ್ಲದ್ದು ಒಂದೇ ಮಾತು.

ಅಳತೆ ತಿಳಿಯುವುದು ಯಾಕೆ ಅಷ್ಟು ಮುಖ್ಯ? ಆಗ ಲೆಕ್ಕ ಹಾಕಿದೆವಲ್ಲ, ಶಕ್ತಿ ಎಳೆಗಳ ಒಟ್ಟು ಬಾಯಿಯ ಮೇಲೆ ನಿಂತಿದೆ. ಬಾಯಿ ನಾಲ್ಕು ಪಟ್ಟು ದೊಡ್ಡದಾದರೆ ಶಕ್ತಿಯೂ ನಾಲ್ಕು ಪಟ್ಟು ಬೇಕು. ದೊಡ್ಡದು ಅಂದುಕೊಂಡು ಚಿಕ್ಕದಕ್ಕೆ ಕೊಟ್ಟರೆ ಎಳೆ ಒಡೆಯುತ್ತದೆ, ಅಥವಾ ರೋಗಿಯ ನಾಳಕ್ಕೆ ಪೆಟ್ಟು. ಚಿಕ್ಕದು ಅಂದುಕೊಂಡು ದೊಡ್ಡದಕ್ಕೆ ಕೊಟ್ಟರೆ ಬ್ಲಾಕ್ ಕೊರೆಯುವುದೇ ಇಲ್ಲ. ಕೊರೆಯದ ಕ್ಯಾಥೆಟರನ್ನು ಒಳಕ್ಕೆ ತಳ್ಳುವುದು ಇನ್ನೂ ಅಪಾಯ. ಬೆಳಕು ಹೆರೆದುಕೊಂಡು ಹೋಗಲಿ ಅಂತಲೇ ಸೆಕೆಂಡಿಗೆ 1 ಮಿಲಿಮೀಟರ್‌ಗಿಂತ ವೇಗ ಬೇಡ ಅನ್ನುತ್ತಾರೆ.

ಮುಂದಿನ ಹೆಜ್ಜೆ ಮೆಮೊರಿ ಚಿಪ್. ಜೋಳದ ಕಾಳಿಗಿಂತ ಚಿಕ್ಕದು. ಅದರಲ್ಲಿ ಏನೇನು ಬರೆದಿಡಬಹುದು ಅಂದರೆ, ಕ್ಯಾಥೆಟರ್‌ನ ಮಾದರಿ, ಸೀರಿಯಲ್ ನಂಬರ್, ಎಳೆಗಳ ಒಟ್ಟು ಬಾಯಿ, ಎಷ್ಟರವರೆಗೆ ಶಕ್ತಿ ಕೊಡಬಹುದು, ಸೆಕೆಂಡಿಗೆ ಎಷ್ಟು ಮಿಡಿತ, ಒಮ್ಮೆಗೆ ಎಷ್ಟು ಸೆಕೆಂಡ್ ಬಿಟ್ಟು ಎಷ್ಟು ಸೆಕೆಂಡ್ ನಿಲ್ಲಿಸಬೇಕು, ಯಾವ ದಿನಾಂಕದೊಳಗೆ ಬಳಸಬೇಕು. ಪ್ಲಗ್ ಕೂತ ಕೂಡಲೇ ಯಂತ್ರ ಇದನ್ನೆಲ್ಲ ಓದಿಕೊಂಡು ತನ್ನ ಮಿತಿಗಳನ್ನು ತಾನೇ ಹಾಕಿಕೊಳ್ಳುತ್ತದೆ. ಡಾಕ್ಟರ್ ತಪ್ಪಿ ಜಾಸ್ತಿ ಒತ್ತಿದರೂ ಮಿತಿ ದಾಟುವುದಿಲ್ಲ. ಅಷ್ಟೇ ಅಲ್ಲ, ಯಂತ್ರ ಚಿಪ್‌ಗೆ ತಿರುಗಿ ಬರೆಯಲೂಬಹುದು. ಇಷ್ಟು ಮಿಡಿತ ಹೋಯಿತು, ಇಷ್ಟು ಹೊತ್ತಿಗೆ ನಿಂತಿತು ಅಂತ.

ಚಿಪ್ಪನ್ನು ಲೋಹದ ಸಂಪರ್ಕದಿಂದ ಓದಬಹುದು. ಇಲ್ಲವೇ ಗಾಳಿಯಲ್ಲೇ ಓದಬಹುದು. ಬೆಂಗಳೂರಿನ ಮೆಟ್ರೋದಲ್ಲಿ ಕಾರ್ಡ್ ಹತ್ತಿರ ಹಿಡಿದರೆ ಗೇಟು ತೆರೆಯುತ್ತದಲ್ಲ, ಅದೇ ತರಹ. ಅಲ್ಲಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸ್ ರೇಡಿಯೋ ಅಲೆ. ಅದೇ ಜಾತಿಯ ಬಿಲ್ಲೆಯನ್ನು ಕನೆಕ್ಟರ್ ಒಳಗೂ ಕೂರಿಸಬಹುದು. ನನಗೆ ಈ ಎರಡನೆಯ ದಾರಿ ಹೆಚ್ಚು ಇಷ್ಟ. ಕಾರಣ ಎರಡು. ಆಪರೇಷನ್ ಥಿಯೇಟರಿನಲ್ಲಿ ಎಲ್ಲವೂ ಒದ್ದೆ. ಲೋಹದ ಪಿನ್ನಿಗೆ ಸಲೈನ್ ತಾಗಿದರೆ ತುಕ್ಕು, ತಪ್ಪು ಓದು. ಇನ್ನೊಂದು, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಅದು ಲೇಸರ್ ಕ್ಯಾಥೆಟರ್‌ಗೆ ಹುಟ್ಟಿನಿಂದ ಬಂದ ರಕ್ಷಣೆ. ಆ ರಕ್ಷಣೆಯ ಪಕ್ಕದಲ್ಲಿ ನಾವೇ ಒಂದು ವೈರು ಎಳೆದರೆ ಮತ್ತೆ ಅದನ್ನು ಕಾಯುವ ಕೆಲಸ ಬರುತ್ತದೆ. ಹೃದಯದ ಹತ್ತಿರ ಹೋಗುವ ಸಾಧನದಲ್ಲಿ ಸೋರುವ ಕರೆಂಟಿಗೆ ಇರುವ ಮಿತಿ ಮೈಕ್ರೋಆಂಪಿಯರ್ ಲೆಕ್ಕದ್ದು.

ಇಲ್ಲಿ ಒಂದು ಚಿಕ್ಕ ಸಂಗತಿ ಹೇಳದೆ ಮುಂದೆ ಹೋಗಲಾರೆ. ಇಂಥ ಸಾಮಾನುಗಳನ್ನು ಕ್ರಿಮಿಶುದ್ಧ ಮಾಡಿಯೇ ಪ್ಯಾಕ್ ಮಾಡುತ್ತಾರೆ. ಒಂದು ವಿಧಾನ ಗಾಮಾ ಕಿರಣ. ಮಾಮೂಲಿ ಮೆಮೊರಿ ಚಿಪ್ ಮಾಹಿತಿಯನ್ನು ಹಿಡಿದಿಡುವುದು ಒಂದು ಸಣ್ಣ ದ್ವೀಪದಲ್ಲಿ ಕೂಡಿಟ್ಟ ವಿದ್ಯುದಂಶದ ರೂಪದಲ್ಲಿ. ಗಾಮಾ ಕಿರಣ ಬಿದ್ದರೆ ಆ ವಿದ್ಯುದಂಶ ಸೋರಿಹೋಗುತ್ತದೆ. ಕ್ರಿಮಿಯೂ ಸಾಯುತ್ತದೆ, ಚಿಪ್ಪಿನ ನೆನಪೂ ಅಳಿಯುತ್ತದೆ. ಅದಕ್ಕೇ ಎಥಿಲೀನ್ ಆಕ್ಸೈಡ್ ಅನಿಲದಲ್ಲಿ ಶುದ್ಧ ಮಾಡುತ್ತಾರೆ, ಇಲ್ಲವೇ ವಿದ್ಯುದಂಶ ಕೂಡಿಡದೆ ಹರಳಿನೊಳಗಿನ ದಿಕ್ಕಿನಲ್ಲೇ ನೆನಪಿಟ್ಟುಕೊಳ್ಳುವ ಎಫ್‌ರ್ಯಾಮ್ ಎಂಬ ಬೇರೆ ಜಾತಿಯ ಚಿಪ್ ಹಾಕುತ್ತಾರೆ. ಒಂದು ಕನೆಕ್ಟರ್ ಮಾಡುವವನು ಎಷ್ಟು ಕಡೆ ನೋಡಬೇಕು ನೋಡಿ.

ಸರಿ, ಚಿಪ್ ಬಂತು. ಆಗ ಆ ಕಿಡ್ನಿ ಕಲ್ಲಿನ ದಿನ ಚಿಪ್ ಇದ್ದಿದ್ದರೆ ಏನಾಗುತ್ತಿತ್ತು?

ಏನೂ ಆಗುತ್ತಿರಲಿಲ್ಲ. ಚಿಪ್ ತನ್ನ ಹೆಸರು, ಊರು, ಹುಟ್ಟಿದ ದಿನ ಎಲ್ಲ ಸರಿಯಾಗಿ ಹೇಳುತ್ತಿತ್ತು. ಯಂತ್ರ ಒಪ್ಪುತ್ತಿತ್ತು. ಹನಿ ಮಾತ್ರ ಅಲ್ಲೇ ಇರುತ್ತಿತ್ತು.

ಇದೇ ನನ್ನ ಮುಖ್ಯ ಮಾತು. ಹೆಸರು ಹೇಳುವುದು ಬೇರೆ, ಸ್ಥಿತಿ ಹೇಳುವುದು ಬೇರೆ. ಆಧಾರ್ ಕಾರ್ಡ್ ನೋಡಿದರೆ ಈ ಮನುಷ್ಯ ಯಾರು ಅಂತ ಗೊತ್ತಾಗುತ್ತದೆ. ಅವನಿಗೆ ಜ್ವರ ಇದೆಯಾ ಅಂತ ತಿಳಿಯಬೇಕಾದರೆ ಮೈ ಮುಟ್ಟಿ ನೋಡಬೇಕು. ಚಿಪ್ ಮಾತ್ರ ಇಟ್ಟು ಇದು ಜಾಣ ಕನೆಕ್ಟರ್ ಅಂತ ಕರೆದರೆ ನನಗೆ ಸಮಾಧಾನ ಆಗುವುದಿಲ್ಲ. ಅದಕ್ಕೆ ನೆನಪಿನ ಶಕ್ತಿ ಇದೆ, ಅಷ್ಟೇ.

ಹಾಗಾದರೆ ಮೈ ಮುಟ್ಟಿ ನೋಡುವುದು ಹೇಗೆ? ಬೆಳಕಿನಿಂದಲೇ. ನಿಜವಾದ ಲೇಸರ್ ಬಿಡುವ ಮೊದಲು ಬಹಳ ಮಂದವಾದ, ಯಾರಿಗೂ ಹಾನಿ ಮಾಡದ ಬೆಳಕನ್ನು ಎಳೆಯೊಳಗೆ ಕಳಿಸಬೇಕು. ಗಾಜು ಮುಗಿದು ಬೇರೆ ವಸ್ತು ಶುರುವಾಗುವ ಕಡೆಯಲ್ಲೆಲ್ಲ ಬೆಳಕಿನ ಒಂದು ಪಾಲು ಹಿಂದಕ್ಕೆ ಬರುತ್ತದೆ. ಮನೆಯ ಕಿಟಕಿಯ ಗಾಜಿನಲ್ಲಿ ನಿಮ್ಮ ಮುಖ ಮಸುಕಾಗಿ ಕಾಣುತ್ತದಲ್ಲ, ಅದೇ. ಗಾಜಿನಿಂದ ಗಾಳಿಗೆ ದಾಟುವಾಗ ನೂರರಲ್ಲಿ ಸುಮಾರು 3.5 ಪಾಲು ಮರಳುತ್ತದೆ. ಗಾಜಿನಿಂದ ಸಲೈನ್‌ಗೆ ದಾಟುವಾಗ ಸಾವಿರದಲ್ಲಿ ಬರೀ 2 ಪಾಲು. ಯಾಕೆಂದರೆ ನೀರು ಬೆಳಕಿನ ಲೆಕ್ಕದಲ್ಲಿ ಗಾಜಿಗೆ ಹತ್ತಿರದ ನೆಂಟ.

ಈ ಎರಡು ಅಂಕಿಗಳಲ್ಲಿ ಎಷ್ಟೊಂದು ಮಾತು ಇದೆ! ತುದಿ ಗಾಳಿಯಲ್ಲಿದೆಯಾ, ದ್ರವದಲ್ಲಿದೆಯಾ ಅಂತ ಮರಳುವ ಬೆಳಕೇ ಹೇಳುತ್ತದೆ. ತುದಿ ಇನ್ನೂ ಮೇಜಿನ ಮೇಲೇ ಇದ್ದರೆ ಲೇಸರ್ ಬಿಡಬೇಡ ಅಂತ ಯಂತ್ರ ತಾನೇ ತೀರ್ಮಾನಿಸಬಹುದು. ಕೋಣೆಯಲ್ಲಿರುವವರ ಕಣ್ಣಿಗೆ ಅದೊಂದು ರಕ್ಷಣೆ. ಕನ್ನಡಕ ಹಾಕಿಯೇ ಇರುತ್ತಾರೆ, ರೋಗಿಗೂ ಹಾಕಿರುತ್ತಾರೆ. ಆದರೂ ಒಂದು ಬಾಗಿಲಿಗೆ ಎರಡು ಬೀಗ ಇರಲಿ.

ಇನ್ನೂ ಇದೆ. ಮರಳುವ ಬೆಳಕು ಎಷ್ಟು ಹೊತ್ತಿಗೆ ಬಂತು ಅಂತಲೂ ಅಳೆಯಬಹುದು. ಗಾಜಿನಲ್ಲಿ ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಹೋಗುತ್ತದೆ. ಎಳೆ 3 ಮೀಟರ್ ಇದ್ದರೆ ಹೋಗಿ ಬರಲು 30 ನ್ಯಾನೊಸೆಕೆಂಡ್. 10ಕ್ಕೇ ಬಂತು ಅಂದರೆ ಯಂತ್ರದಿಂದ ಒಂದು ಮೀಟರ್ ದೂರದಲ್ಲಿ ಎಲ್ಲೋ ಎಳೆ ತುಂಡಾಗಿದೆ. ಯಾರೋ ಕಾಲಿಟ್ಟಿರಬಹುದು, ಟ್ರಾಲಿಯ ಗಾಲಿ ಹತ್ತಿರಬಹುದು. ನಿಮ್ಮ ಮನೆಗೆ ಫೈಬರ್ ಇಂಟರ್‌ನೆಟ್ ರಿಪೇರಿಗೆ ಬರುವ ಹುಡುಗರು ಕೇಬಲ್ ಎಲ್ಲಿ ತುಂಡಾಗಿದೆ ಅಂತ ಕಂಬ ಹತ್ತದೆಯೇ ಹೇಳುತ್ತಾರಲ್ಲ, ಅವರ ಪೆಟ್ಟಿಗೆಯಲ್ಲಿ ಇರುವುದೂ ಇದೇ ಲೆಕ್ಕ. ಅವರದು ಕಿಲೋಮೀಟರ್‌ಗಳ ಲೆಕ್ಕ, ನಮ್ಮದು ಮೂರು ಮೀಟರ್. ದೂರ ಕಡಿಮೆಯಾದಷ್ಟೂ ಅಳೆಯುವ ಕೈ ಚುರುಕಾಗಿರಬೇಕು. ಹಾಗಾಗಿ ಈ ಕೆಲಸ ಅಗ್ಗವಲ್ಲ.

ಮತ್ತೆ ಕೀಲಿನ ಬಾಯಲ್ಲೇ ಹನಿಯೋ ಧೂಳೋ ಇದ್ದರೆ? ಆಗ ಮೊದಲ ಹೆಜ್ಜೆಯಲ್ಲೇ ಮರಳುವ ಪಾಲು ಬದಲಾಗುತ್ತದೆ. ಎಂದಿನ ಲೆಕ್ಕಕ್ಕೆ ಹೊಂದುವುದಿಲ್ಲ. ಇದು ನಮ್ಮಮ್ಮನ ನೊರೆ. ಒಲೆ ಹಚ್ಚುವ ಮೊದಲು ಗುಳ್ಳೆ ಕಾಣಿಸುತ್ತದೆ.

ಎಕ್ಸೈಮರ್ ಯಂತ್ರಗಳಲ್ಲಿ ಮೊದಲಿನಿಂದಲೂ ಒಂದು ಒಳ್ಳೆಯ ಪದ್ಧತಿ ಇದೆ. ಅದನ್ನು ಇಲ್ಲಿ ನೆನೆಯಬೇಕು. ಕ್ಯಾಥೆಟರ್ ದೇಹಕ್ಕೆ ಹೋಗುವ ಮೊದಲು ಅದರ ತುದಿಯನ್ನು ಯಂತ್ರದ ಮೇಲಿನ ಒಂದು ಕಿಟಕಿಯ ಎದುರು ಹಿಡಿಯುತ್ತಾರೆ. ಲೇಸರ್ ಬಿಡುತ್ತಾರೆ. ನಿಜವಾಗಿ ಎಷ್ಟು ಹೊರಬಂತು ಅಂತ ಯಂತ್ರ ಅಳೆದು ತನ್ನನ್ನು ತಿದ್ದಿಕೊಳ್ಳುತ್ತದೆ. ಇದಕ್ಕೆ ಕ್ಯಾಲಿಬ್ರೇಷನ್ ಅನ್ನುತ್ತಾರೆ. ಇದರಲ್ಲಿ ಒಂದು ನಾಜೂಕು ಇದೆ. ಪ್ಲಗ್ಗಿನ ಕಡೆ ಕ್ರಿಮಿಶುದ್ಧವಲ್ಲದ ಕೈಯಲ್ಲಿರುತ್ತದೆ. ತುದಿಯ ಕಡೆ ಶುದ್ಧ ಕೈಯಲ್ಲಿರುತ್ತದೆ. ಎರಡೂ ಒಂದೇ ಯಂತ್ರದ ಹತ್ತಿರ ಬರಬೇಕು, ತುದಿ ಎಲ್ಲಿಗೂ ತಾಗಬಾರದು. ನುರಿತ ಸಿಸ್ಟರ್‌ಗಳು ಇದನ್ನು ಮಾಡುವುದನ್ನು ನೋಡುವುದೇ ಚೆಂದ. ದೇವರ ಮುಂದೆ ಆರತಿ ಹಿಡಿದ ಹಾಗೆ ಎರಡೂ ಕೈ ಸ್ಥಿರ. ಆದರೆ ಇದು ಶುರುವಿನಲ್ಲಿ ನಡೆಯುವ ಪರೀಕ್ಷೆ. ಆಮೇಲೆ ಅರ್ಧ ಗಂಟೆ ಕ್ಯಾಥೆಟರ್ ಬಾಗುತ್ತದೆ, ತಿರುಗುತ್ತದೆ. ಒಂದೊಂದೇ ಎಳೆ ತುಂಡಾಗಬಹುದು. ಆ ಅರ್ಧ ಗಂಟೆಯ ಉದ್ದಕ್ಕೂ ನಡುನಡುವೆ ಕೇಳುತ್ತಿರಬೇಕು, ಹೇಗಿದ್ದೀಯಾ ಅಂತ. ಕನೆಕ್ಟರ್ ಆ ಕೆಲಸ ಮಾಡಲಿ ಅನ್ನುವುದು ನನ್ನ ಆಸೆ.

ಇನ್ನು ದುಡ್ಡಿನ ಮಾತು. ಅದನ್ನು ಬಿಟ್ಟು ನಮ್ಮ ದೇಶದಲ್ಲಿ ಆಸ್ಪತ್ರೆಯ ವಿಷಯ ಮಾತಾಡಲು ಆಗುವುದಿಲ್ಲ. ಚಿಪ್ ಎಣಿಸುತ್ತದೆ ಅಂದೆ. ಎಣಿಸುವವನು ತಡೆಯಲೂಬಹುದು. ಇದು ಒಂದು ಸಲ ಬಳಸಿದ್ದು, ಮತ್ತೆ ಹಾಕಿದರೆ ನಾನು ಕೆಲಸ ಮಾಡುವುದಿಲ್ಲ ಅಂತ. ಒಂದೇ ಸಲ ಬಳಸಬೇಕಾದ ಸಾಮಾನನ್ನು ತೊಳೆದು ಶುದ್ಧ ಮಾಡಿ ಮತ್ತೆ ಬಳಸುವುದು ನಮ್ಮಲ್ಲಿ ಇದೆ. ಅದರ ಹಿಂದೆ ಎಲ್ಲ ಕಡೆ ದುರಾಸೆಯೇ ಇರುವುದಿಲ್ಲ. ಮನೆ ಒಡವೆ ಅಡವಿಟ್ಟು ಬಂದವರ ಮುಖ ನೋಡಿ ಆ ದಾರಿ ಹಿಡಿದ ಡಾಕ್ಟರುಗಳನ್ನು ನಾನು ಬಲ್ಲೆ.

ನನ್ನ ಅಭಿಪ್ರಾಯ ಇದು. ರಕ್ತನಾಳದ ಲೇಸರ್ ಕ್ಯಾಥೆಟರ್‌ನಲ್ಲಿ ಆ ತಡೆ ಸರಿ. ಅದರ ಒಳಗಿನ ಸಂದಿಗಳು ಎಷ್ಟು ಸಪೂರ ಅಂದರೆ ರಕ್ತ ಸೇರಿಕೊಂಡರೆ ಪೂರ್ತಿ ತೊಳೆಯಲು ಆಗುವುದಿಲ್ಲ. ತುದಿಯ ಎಳೆಗಳೂ ಅಂಟೂ ಒಂದೊಂದು ಬಳಕೆಗೂ ಸವೆಯುತ್ತವೆ. ಆದರೆ ಕಿಡ್ನಿ ಕಲ್ಲಿನ ಫೈಬರ್ ಬೇರೆ ಮಾತು. ಅದರಲ್ಲಿ ಕೆಲವನ್ನು ತಯಾರಿಸುವುದೇ ಹಲವು ಸಲ ಬಳಸಲಿ ಅಂತ. ತುದಿ ಕತ್ತರಿಸಿ, ಮೇಲಿನ ಹೊದಿಕೆ ಸುಲಿದು, ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಶುದ್ಧ ಮಾಡಿ, ಮತ್ತೆ ಬಳಸುತ್ತಾರೆ. ಅಂಥ ಕಡೆ ಗಾಜು ಗಟ್ಟಿಯಾಗಿದ್ದರೂ ಲೆಕ್ಕ ಮುಗಿಯಿತು ಅಂತ ಚಿಪ್ ಬಾಗಿಲು ಹಾಕಿದರೆ ಅದು ರೋಗಿಯನ್ನು ಕಾಯುತ್ತಿದೆಯೋ ಅಂಗಡಿಯನ್ನು ಕಾಯುತ್ತಿದೆಯೋ ಅಂತ ಕೇಳುವ ಹಕ್ಕು ನಮಗಿದೆ. ಬೀಗ ಯಾಕೆ ಹಾಕಿದ್ದೇವೆ ಅನ್ನುವುದನ್ನು ಪೆಟ್ಟಿಗೆಯ ಮೇಲೆ ಬರೆಯಲಿ. ಸ್ಥಿತಿ ನೋಡಿ ತಡೆಯುವ ಕನೆಕ್ಟರ್ ಬಂದರೆ ಈ ಜಗಳ ಅರ್ಧ ತೀರುತ್ತದೆ. ಎಷ್ಟನೇ ಸಲ ಅಂತ ಕೇಳುವ ಬದಲು ಎಳೆ ಹೇಗಿದೆ ಅಂತ ಕೇಳಬಹುದಲ್ಲ.

ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯ ಕೊಟ್ಟಿದ್ದೆ. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು. “ಅಲ್ಲಪ್ಪಾ, ಆಪರೇಷನ್ ನಡೀತಿರೋವಾಗಲೇ ನಿನ್ನ ಚಿಪ್ಪು ಕೆಟ್ಟುಹೋದ್ರೆ? ಕ್ಯಾಥೆಟರು ಒಳಗಿದೆ, ಯಂತ್ರ ಆಗಲ್ಲ ಅಂತ ಕೂತ್ಕೊಂಡ್ರೆ ಗತಿ ಏನು?”

ಸರಿಯಾದ ಪ್ರಶ್ನೆ. ನಾನು ಹೇಳಿದ್ದು ಹೀಗೆ. ಮೇಷ್ಟ್ರೇ, ಬೆಳಕು ನಿಂತರೆ ಕ್ಯಾಥೆಟರ್ ಬರೀ ಒಂದು ಕೊಳವೆ. ಅದು ಸಣ್ಣ ತಂತಿಯ ಮೇಲೆ ಕೂತಿರುತ್ತದೆ. ತಂತಿಯನ್ನು ಅಲ್ಲೇ ಬಿಟ್ಟು ಕ್ಯಾಥೆಟರ್ ಹಿಂದಕ್ಕೆ ಎಳೆದುಕೊಳ್ಳಬಹುದು, ಇನ್ನೊಂದನ್ನು ಅದೇ ದಾರಿಯಲ್ಲಿ ಕಳಿಸಬಹುದು. ಹಾಗಾಗಿ ಅನುಮಾನ ಬಂದಾಗ ಬೆಳಕು ನಿಲ್ಲುವುದೇ ಕ್ಷೇಮ. ಆದರೆ ಯಂತ್ರ ಸುಮ್ನೆ ನಿಲ್ಲಬಾರದು. ಚಿಪ್ ಓದಲಾಗುತ್ತಿಲ್ಲವಾ, ಎಳೆ ತುಂಡಾಗಿದೆಯಾ, ಕೀಲು ಸಡಿಲವಾಗಿದೆಯಾ ಅಂತ ಒಂದೇ ಸಾಲಿನಲ್ಲಿ ಹೇಳಿ ನಿಲ್ಲಬೇಕು. ನಮ್ಮ ಕಾಲದ ಯಂತ್ರಗಳು ಒಂದು ನಂಬರ್ ತೋರಿಸಿ ನಿಲ್ಲುತ್ತಿದ್ದವು. ಆ ನಂಬರಿನ ಅರ್ಥ ಹುಡುಕಲು ನಾನು ಕಪಾಟಿನಿಂದ ಪುಸ್ತಕ ತರಬೇಕಾಗಿತ್ತು. ಅಲ್ಲಿ ಒಬ್ಬ ಮನುಷ್ಯ ಟೇಬಲ್ ಮೇಲೆ ಮಲಗಿರುತ್ತಿದ್ದ. ಮೇಷ್ಟ್ರು ತಲೆಯಾಡಿಸಿದರು. “ಹಂಗಾದ್ರೆ ಸರಿ. ಕಾರಣ ಹೇಳಿ ನಿಲ್ಲಬೇಕು” ಅಂದರು.

ಎಲ್ಲ ಮುಗಿದ ಮೇಲೆ ಐಟಿಐ ಓದುತ್ತಿರುವ ಒಬ್ಬ ಹುಡುಗ ಹತ್ತಿರ ಬಂದ. ತೋರಿಸಲೆಂದು ನಾನು ಒಂದು ಫೈಬರ್ ತಂದಿದ್ದೆ. ಅವಧಿ ಮುಗಿದದ್ದು, ಯಾರ ಮೇಲೂ ಬಳಸದ್ದು. “ಸರ್, ಒಳಗೆ ನೋಡ್ಲಾ?” ಅಂದ. ನೋಡು ಅಂದೆ. ಸ್ನೇಹಿತನ ಕೈಗೆ ಮೊಬೈಲ್ ಕೊಟ್ಟು ಟಾರ್ಚ್ ಹಾಕಲು ಹೇಳಿದ. ತುದಿಯನ್ನು ಕಣ್ಣಿನ ಹತ್ತಿರ ತಂದವನು ತಟ್ಟನೆ ನಿಂತ. ಕೈಯಲ್ಲಿದ್ದ ಎಳೆಯನ್ನು ಹಿಡಿದುಕೊಂಡೇ ಟೇಬಲ್ ಸುತ್ತಿ ಹೋಗಿ, ಇನ್ನೊಂದು ಕೊನೆಯಲ್ಲಿ ಕನೆಕ್ಟರ್ ಎಲ್ಲಿದೆ, ಯಾವುದಕ್ಕಾದರೂ ಸಿಕ್ಕಿಸಿದೆಯಾ ಅಂತ ನೋಡಿದ. ಬಿಡಿಯಾಗಿಯೇ ಇತ್ತು. ಕ್ಯಾಪ್ ಬಿಚ್ಚಿ, ಬಾಯಿಯನ್ನು ಎತ್ತಿ ಹಿಡಿದು ಟಾರ್ಚಿನ ಎದುರಿಟ್ಟ. ಆಮೇಲೆ ಈ ಕಡೆ ಬಂದು ನೋಡಿದ.

“ಬರ್ತಿದೆ ಸರ್” ಅಂದ. “ಒಂದು ಚುಕ್ಕಿ.”